ಎಂಜಲೆಲೆಯ ಲೆಕ್ಕ

ಅಜ್ಜಿಯ ಮನೆಯ ತೋಟದ ಬಾವಿಗೆ ನೀರಿನವರೆಗೂ ಮೆಟ್ಟಿಲುಗಳಿದ್ದವು. ಬೇಸಿಗೆ ರಜೆಯಲ್ಲಿ ನಮ್ಮ ಮುಖ್ಯ ಉದ್ಯೋಗವೆಂದರೆ ಅಲ್ಲಿ ಮೂಗು ಹಿಡಿದು ಮುಳುಗಿ ಯಾರು ಹೆಚ್ಚು ಹೊತ್ತು ಒಳಗಿರುತ್ತಾರೆಂದು ಪಂದ್ಯ ಕಟ್ಟುವುದು. ಕೊನೆಯ ಮೆಟ್ಟಿಲ ಮೇಲೆ ಕೂತ ಅಕ್ಕ ಗಟ್ಟಿಯಾಗಿ ಎಣಿಸುತ್ತಿದ್ದಳು. ಒಳಗಿರುವವನು ನಾನಾದರೆ ಅವಳ ಎಣಿಕೆ ತುಸು ಚುರುಕಾಗುತ್ತಿತ್ತೆಂಬ ಆರೋಪ ಪೂರ್ತಿ ಸುಳ್ಳಲ್ಲ. ಮೂವತ್ತು ದಾಟುತ್ತಿದ್ದಂತೆ ಗಂಟಲು ತಾನಾಗಿಯೇ ಗುಟುಕರಿಸತೊಡಗುತ್ತಿತ್ತು, ಹೊಟ್ಟೆಯ ಮೇಲ್ಭಾಗ ಬಿಕ್ಕಳಿಕೆ ಬಂದಂತೆ ಅದುರುತ್ತಿತ್ತು. ಇನ್ನು ತಡೆಯಲಾರೆನೆನ್ನಿಸಿ ಮೇಲೆದ್ದವರೆಲ್ಲ ಏದುಸಿರು ಬಿಡುತ್ತಾ ಹೇಳುತ್ತಿದ್ದುದು ಒಂದೇ ಮಾತು: ‘ಒಳಗಿದ್ದ ಗಾಳಿ ಮುಗಿದುಹೋಯಿತು.’

ಮುಗಿದಿರುತ್ತಿರಲಿಲ್ಲ. ಆ ಹೊತ್ತಿಗೂ ನಮ್ಮ ರಕ್ತದಲ್ಲಿ ಆಮ್ಲಜನಕ ಸಾಕಷ್ಟು ಉಳಿದಿರುತ್ತಿತ್ತು. ಗಲಾಟೆಯೆಬ್ಬಿಸುತ್ತಿದ್ದುದು ಹೊರಹೋಗಲು ದಾರಿಯಿಲ್ಲದೆ ಶೇಖರವಾಗುತ್ತಿದ್ದ ಇಂಗಾಲದ ಡೈಆಕ್ಸೈಡ್. ಮದುವೆ ಮನೆಯ ಕೆಲವು ಅಡುಗೆ ಗುತ್ತಿಗೆದಾರರು ಉಗ್ರಾಣದ ಅಕ್ಕಿಮೂಟೆಯ ಕಡೆ ತಿರುಗಿಯೂ ನೋಡದೆ, ಎತ್ತಿ ಹಾಕಿದ ಎಂಜಲೆಲೆಗಳನ್ನು ಎಣಿಸಿ ಎಷ್ಟು ಊಟವಾಯಿತೆಂದು ಲೆಕ್ಕ ಹೇಳುತ್ತಾರಲ್ಲ, ನಮ್ಮ ದೇಹದ್ದೂ ಬಹುಮಟ್ಟಿಗೆ ಅದೇ ಪದ್ಧತಿ. ಇಂಗ್ಲೆಂಡಿನ ಶರೀರವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲಿ ಇದನ್ನು ಬಲು ಸರಳವಾಗಿ ತೋರಿಸಿದರು. ಉದ್ದನೆಯ ಕೊಳವೆಯೊಳಗೆ ಉಸಿರನ್ನು ಪೂರ್ತಿ ಹೊರಹಾಕಿಸಿ, ಅದರ ಕಟ್ಟಕಡೆಯ ಪಾಲನ್ನು, ಎಂದರೆ ಶ್ವಾಸಕೋಶದ ಆಳದಿಂದ ಬಂದ ಗಾಳಿಯನ್ನು, ಹಿಡಿದು ಅಳೆದಾಗ, ಅದರಲ್ಲಿನ ಇಂಗಾಲದ ಡೈಆಕ್ಸೈಡಿನ ಒತ್ತಡ ಒಬ್ಬನೇ ವ್ಯಕ್ತಿಯಲ್ಲಿ ಹೆಚ್ಚುಕಡಿಮೆ ಕದಲದೆ ನಿಂತಿತ್ತು. ಪಾದರಸದ ಅಳತೆಯಲ್ಲಿ ಅದು ಸುಮಾರು 40 ಮಿಲಿಮೀಟರ್; ಅದಕ್ಕಿಂತ ಕೆಲವೇ ಮಿಲಿಮೀಟರ್ ಏರಿದರೂ ಉಸಿರಾಟ ಇಮ್ಮಡಿಯಾಗಿಬಿಡುತ್ತದೆ.

ಈ ಎಲೆ ಎಣಿಸುವವರು ಕೂತಿರುವುದು ಮೆದುಳಿನ ಬುಡದ ಮೆಡುಲ್ಲಾದಲ್ಲಿ, ಅದರ ಮುಂಭಾಗದ ಮೇಲ್ಮೈಗೆ ಅಂಟಿಕೊಂಡಂತೆ. ರಕ್ತಕ್ಕೂ ಮೆದುಳಿಗೂ ನಡುವಿನ ಬಿಗಿ ಕಾವಲನ್ನು ಆಮ್ಲದ ಕಣಗಳು ಸುಲಭವಾಗಿ ದಾಟಲಾರವು, ಆದರೆ ಇಂಗಾಲದ ಡೈಆಕ್ಸೈಡ್ ಯಾರನ್ನೂ ಕೇಳದೆ ನುಸುಳಿ, ಆಚೆಯ ನೀರಿನೊಂದಿಗೆ ಬೆರೆತು ಅಲ್ಲಿಯೇ ಆಮ್ಲವಾಗುತ್ತದೆ. ಮೆಡುಲ್ಲಾದ ಜೀವಕೋಶಗಳಿಗೆ ತಾಗುವುದು ಆ ಹುಳಿ.

ನಮ್ಮ ಗುಂಪಿನ ಹಿರಿಯ ಹುಡುಗನೊಬ್ಬನಿಗೆ ಗೆಲ್ಲುವ ಉಪಾಯ ಗೊತ್ತಿತ್ತು. ಮುಳುಗುವ ಮುನ್ನ ಇಪ್ಪತ್ತು ಸಲ ರಭಸದಿಂದ ಉಸಿರಾಡುತ್ತಿದ್ದ. ಗಾಳಿ ತುಂಬಿಸಿಕೊಳ್ಳುತ್ತಿದ್ದೇನೆಂದು ಅವನ ವಿವರಣೆ. ನಿಜವಾಗಿ ಅವನು ತುಂಬಿಸಿಕೊಳ್ಳುತ್ತಿದ್ದುದು ಬಹಳ ಕಡಿಮೆ, ಏಕೆಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಮೊದಲೇ ಹೆಚ್ಚುಕಡಿಮೆ ಭರ್ತಿಯಾಗಿರುತ್ತದೆ. ಅವನು ಮಾಡುತ್ತಿದ್ದುದು ಎಲೆಗಳನ್ನು ಎಣಿಸುವ ಮೊದಲೇ ತಿಪ್ಪೆಗೆ ಸಾಗಿಸುವ ಕೆಲಸ. ಇಂಗಾಲದ ಡೈಆಕ್ಸೈಡ್ ಅಷ್ಟು ಕೆಳಗಿಳಿದಿದ್ದಾಗ ನೀರೊಳಗೆ ಚಡಪಡಿಕೆ ತಡವಾಗಿ ಹುಟ್ಟುತ್ತದೆ, ಅಷ್ಟರೊಳಗೆ ಆಮ್ಲಜನಕ ಕುಸಿದು ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ನುರಿತ ಈಜುಗಾರರೇ ಹೀಗೆ ಮುಳುಗಿ ಸತ್ತಿದ್ದಾರೆ. ಅವನು ಐವತ್ತೆರಡು ಎಣಿಸುವವರೆಗೆ ಒಳಗಿದ್ದು ನಗುತ್ತ ಮೇಲೆ ಬಂದದ್ದನ್ನು ನೆನೆದರೆ ಈಗ ಕೈಕಾಲು ತಣ್ಣಗಾಗುತ್ತದೆ.

ಹಾಗಾದರೆ ಅಕ್ಕಿಮೂಟೆಯನ್ನು, ಎಂದರೆ ಆಮ್ಲಜನಕವನ್ನು, ನೋಡಿಕೊಳ್ಳುವವರು ಯಾರೂ ಇಲ್ಲವೆ? ಇದ್ದಾರೆ, ಕತ್ತಿನ ಎರಡೂ ಪಕ್ಕದಲ್ಲಿ, ಕೆರೊಟಿಡ್ ಧಮನಿ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟೇ ಗಾತ್ರದ ಕೆರೊಟಿಡ್ ಕಾಯ ಎಂಬುದೊಂದಿದೆ. ತನ್ನ ತೂಕಕ್ಕೆ ಹೋಲಿಸಿದರೆ ಇದರಷ್ಟು ರಕ್ತ ಹರಿಸಿಕೊಳ್ಳುವ ಅಂಗ ಅಪರೂಪ. ಇದು ರಕ್ತದ ರಾಸಾಯನಿಕ ಬದಲಾವಣೆಯನ್ನು ಗುರುತಿಸುವ ಅಂಗವಿರಬೇಕೆಂದು ಮ್ಯಾಡ್ರಿಡ್‌ನ ಫರ್ನಾಂಡೊ ಡಿ ಕ್ಯಾಸ್ಟ್ರೊ ಸೂಕ್ಷ್ಮದರ್ಶಕದಲ್ಲಿ ನೋಡಿಯೇ 1920ರ ದಶಕದಲ್ಲಿ ಊಹಿಸಿದ. ಅದನ್ನು ಪ್ರಯೋಗದಿಂದ ಸಾಬೀತುಪಡಿಸಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್‌ಗೆ 1938ರ ನೊಬೆಲ್ ಸಂದಿತು. ಊಹಿಸಿದವನಿಗೂ ಅರ್ಧ ಪಾಲು ಸಲ್ಲಬೇಕಿತ್ತೆಂಬುದು ನನ್ನ ತಕರಾರು. ಈ ಉಗ್ರಾಣಿಯ ಸ್ವಭಾವ ಮಾತ್ರ ಸ್ವಲ್ಪ ನಿಧಾನದ್ದು: ಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 100ರ ಆಸುಪಾಸಿನಿಂದ 60 ಮಿಲಿಮೀಟರಿಗೆ ಇಳಿಯುವವರೆಗೂ ಗೊಣಗುವುದೇ ಹೊರತು ಕೂಗುವುದಿಲ್ಲ. 60ರಲ್ಲಿಯೂ ಹಿಮೋಗ್ಲೋಬಿನ್ ನೂರಕ್ಕೆ ತೊಂಬತ್ತರಷ್ಟು ತುಂಬಿಯೇ ಇರುವುದರಿಂದ ಆ ನಿಧಾನಕ್ಕೆ ಅರ್ಥವೂ ಇದೆ.

2021ರ ಕೋವಿಡ್ ದಿನಗಳಲ್ಲಿ ನಮ್ಮ ಚಿಕ್ಕಪ್ಪ ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದಾಗ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 84 ತೋರಿಸಿತು. ‘ನನ್ನ ವಯಸ್ಸಿಗಿಂತ ಹೆಚ್ಚೇ ಇದೆಯಲ್ಲ’ ಎಂದು ಅವರು ಪುಟ ತಿರುಗಿಸಿದರು. ಬ್ಯಾಟರಿ ಬದಲಿಸಿ ನೋಡಿದರೂ ಅಷ್ಟೇ. ಸೋಂಕು ತಗುಲಿದ ಶ್ವಾಸಕೋಶ ಆಮ್ಲಜನಕವನ್ನು ಒಳಗೆಳೆದುಕೊಳ್ಳಲಾರದಿದ್ದರೂ ಇಂಗಾಲದ ಡೈಆಕ್ಸೈಡನ್ನು ಸರಾಗವಾಗಿ ಹೊರಗೆ ಕಳಿಸುತ್ತಿರಬಹುದು. ಎಲೆಗಳು ರಾಶಿ ಬೀಳದಿರುವಾಗ ಎಣಿಸುವವರಿಗೆ ಅನುಮಾನವೇಕೆ ಬಂದೀತು? ವಯಸ್ಸೂ ಸಕ್ಕರೆ ಕಾಯಿಲೆಯೂ ಉಗ್ರಾಣಿಯನ್ನು ಇನ್ನಷ್ಟು ಮಂಕಾಗಿಸಿರುತ್ತವೆ. ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದು ಮರಳಿದ ಚಿಕ್ಕಪ್ಪ, ತಮಗೆ ಆಗ ಏನೂ ಆಗಿರಲಿಲ್ಲವೆಂದೇ ಇಂದಿಗೂ ವಾದಿಸುತ್ತಾರೆ. ಅವರ ಅನುಭವದ ಮಟ್ಟಿಗೆ ಅದು ಸುಳ್ಳಲ್ಲ.

ಅಜ್ಜಿಯ ಬಾವಿ ಬತ್ತಿದ ವರ್ಷ ಹೂಳೆತ್ತಲು ಬಂದಾತ ಮೊದಲು ಒಂದು ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಬಿಟ್ಟಿದ್ದ. ಗಾಳಿಯಲ್ಲಿ ನೂರಕ್ಕೆ 21 ಪಾಲಿರುವ ಆಮ್ಲಜನಕ ಹದಿನಾರರ ಹತ್ತಿರ ಬಂದರೆ ಬತ್ತಿ ಆರುತ್ತದೆ; ಮನುಷ್ಯನಿಗೆ ಆಗ ಏನೂ ಅನ್ನಿಸದೆಯೂ ಇರಬಹುದು. ವಿಷಾನಿಲವಿದ್ದರೆ ಕಂದೀಲಿಗೂ ತಿಳಿಯುವುದಿಲ್ಲ. ಜ್ವಾಲೆ ನೆಟ್ಟಗೆ ಉರಿಯುತ್ತಿರುವುದನ್ನು ಬಗ್ಗಿ ನೋಡಿದ ಮೇಲೆಯೂ ಆತ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಮೇಲಿದ್ದ ಇಬ್ಬರ ಕೈಗೆ ಕೊಟ್ಟೇ ಮೆಟ್ಟಿಲಿಳಿದ.