ಒಂದನೇ ಕ್ಲಾಸಿನ ಕನ್ನಡ ಮನೆಮಾತಿನಿಂದಲೇ ಶುರುವಾಗಲಿ

ಕಾಸರಗೋಡಿನ ಕನ್ನಡ ಶಾಲೆಗಳ ಮಾತು ಬಂದರೆ ನಾವೆಲ್ಲ ಸೀದಾ ಈ ಊರು ಕೇರಳಕ್ಕೆ ಸೇರಿದ 1956ಕ್ಕೆ ಹೋಗುತ್ತೇವೆ, ಇಲ್ಲವೇ ಕೇರಳದ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದ 2017ರ ಕಾನೂನಿಗೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಬೇಡಿ ಎನ್ನುವ ಹೋರಾಟ ನ್ಯಾಯವಾದದ್ದು, ಅದು ನಿಲ್ಲಕೂಡದು. ಆದರೆ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಪಾಠ ಮಾಡುವ ನನಗೆ ಅದಕ್ಕಿಂತ ಹತ್ತಿರದ ಚಿಂತೆ ಒಂದಿದೆ. ಎರಡನೇ ಕ್ಲಾಸು ಮುಗಿಯುವಾಗ ಮಗು ನಾಲ್ಕು ಸಾಲು ಸರಾಗ ಓದದಿದ್ದರೆ ಅಪ್ಪ ಅಮ್ಮ ಟಿ.ಸಿ. ಕೇಳಿಕೊಂಡು ಬರುತ್ತಾರೆ. ಹಾಗೆ ಹೋದ ಮಗು ಕನ್ನಡಕ್ಕೆ ಮರಳುವುದು ಅಪರೂಪ.

ನಮ್ಮ ಮಕ್ಕಳ ಮನೆಮಾತು ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ. ಕನ್ನಡದ್ದೇ ಒಂದು ಬಗೆಯನ್ನು ಮಾತಾಡುವ ಹವ್ಯಕರ ಮನೆಯ ಮಗುವಿಗೂ ಪುಸ್ತಕದ ಕನ್ನಡ ಹೊಸತೇ. ಜೂನ್ ತಿಂಗಳಲ್ಲಿ ಮಗು ಬಾಯಿ ಬಿಡದಿದ್ದರೆ ಅದಕ್ಕೆ ಏನೂ ಬರುವುದಿಲ್ಲವೆಂದು ತೀರ್ಮಾನ ಮಾಡಬೇಡಿ. ‘ಕನ್ನಡದಲ್ಲೇ ಹೇಳು’ ಎಂದು ಗದರುವುದಂತೂ ಬೇಡವೇ ಬೇಡ. ಅದು ತುಳುವಿನಲ್ಲೇ ಹೇಳಲಿ. ಟೀಚರ್ ಅದೇ ಮಾತನ್ನು ಕನ್ನಡದಲ್ಲಿ ತಿರುಗಿ ಹೇಳಿ ಮಾತು ಮುಂದುವರಿಸಲಿ. ತುಳುವಿನ ಪೂ, ಪತ್ತ್, ಪಿಲಿ ಕನ್ನಡದಲ್ಲಿ ಹೂ, ಹತ್ತು, ಹುಲಿ. ಇಂಥವನ್ನು ಜೋಡಿಜೋಡಿಯಾಗಿ ಹೇಳಿಸಿದರೆ ‘ಪ’ ಹೋಗಿ ‘ಹ’ ಬರುವುದನ್ನು ಮಕ್ಕಳೇ ಹಿಡಿಯುತ್ತಾರೆ. ತಮ್ಮ ಮನೆಮಾತು ಕ್ಲಾಸಿನಲ್ಲಿ ಲೆಕ್ಕಕ್ಕಿದೆ ಎಂದು ಗೊತ್ತಾದ ಮೇಲೆ ಅವರು ಸುಮ್ಮನಿರುವವರಲ್ಲ.

ಅ ಆ ಇ ಈ ಸಾಲನ್ನು ರಾಗವಾಗಿ ಹೇಳಿಸಿ, ತೊಂದರೆಯಿಲ್ಲ. ಓದು ಕಲಿಸುವುದಕ್ಕೆ ಆ ಕ್ರಮ ಸಲ್ಲದು. ಋ, ಐ, ಔ ಕಲಿತ ಮಗುವಿಗೆ ಎಷ್ಟು ಶಬ್ದ ಸಿಕ್ಕೀತು? ಕರ್ನಾಟಕದಲ್ಲಿ 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಕ್ರಮದಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಅಷ್ಟರಿಂದಲೇ ಸರ, ದರ, ಅರಸ, ಗರಗಸ ಓದಬಹುದು. ಗರಗಸ ಎಂದು ಒಂದೇ ಉಸಿರಿಗೆ ಓದಿದ ಮಗುವಿನ ಮುಖ ನೋಡಬೇಕು ನೀವು! ಪ, ವ, ಮ, ಷ ಒಂದೇ ವಾರ ಬೇಡ, ಕಣ್ಣಿಗೆ ಗೊಂದಲ. ಮಹಾಪ್ರಾಣ ಬಿಟ್ಟು ಬರೆದರೆ ಕೆಂಪು ಗೀಟೂ ಬೇಡ. ಮನೆಯಲ್ಲಿ ಕೇಳದ ಉಚ್ಚಾರ ಬರಹಕ್ಕೆ ಇಳಿಯಲು ಸಮಯ ಹಿಡಿಯುತ್ತದೆ.

ಇನ್ನೊಂದು, ಪ್ರಶ್ನೆ ಕೇಳಿ ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. 3 ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ಹಿಂದುಳಿದ ಮಕ್ಕಳೂ ಮಾತಾಡಿದರು. ಬ್ಯಾರಿಯಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕಾದ ಮಗುವಿಗೆ ಮೂರೂ ಸಾಲದು, ಐದು ಕೊಡಿ. ಪಕ್ಕದವನು ಕೈ ಎತ್ತಿ ಕುಣಿಯುತ್ತಿದ್ದರೂ ಕಾಯಿರಿ.

ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಮನೆಕತೆಯಲ್ಲಿ. ಅಜ್ಜಿ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದ ಕತೆ, ನಿನ್ನೆ ದನ ತೋಟಕ್ಕೆ ನುಗ್ಗಿದ ಸುದ್ದಿ, ಯಾವುದಾದರೂ ಸರಿ. ಮಗು ಬಂದ ಹಾಗೆ ಹೇಳುತ್ತದೆ. ಉಳಿದ ಮಕ್ಕಳು ಗೊತ್ತಿದ್ದ ಕನ್ನಡ ಶಬ್ದ ಸೇರಿಸುತ್ತಾರೆ. ಟೀಚರ್ ಮೂರು ಸಾಲು ಬೋರ್ಡಿನಲ್ಲಿ ಬರೆಯುತ್ತಾರೆ. ಆ ದಿನದ ಓದಿನ ಪಾಠ ಅದೇ. ಅರ್ಥ ಮೊದಲೇ ಗೊತ್ತಿರುವುದರಿಂದ ಮಗು ಅಕ್ಷರದ ಮೇಲಷ್ಟೇ ಗಮನ ಇಟ್ಟರೆ ಸಾಕು. ಸಂಜೆ ಅದನ್ನೇ ಚಾರ್ಟಿಗೆ ಏರಿಸಿ, ಹೇಳಿದ ಮಗುವಿನ ಹೆಸರು ಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ. ಒಂದನೇ ಎರಡನೇ ಕ್ಲಾಸು ಒಟ್ಟಿಗೆ ಕೂರುವ ಶಾಲೆಯಾದರೆ ದೊಡ್ಡವರು ಅದನ್ನು ಸಣ್ಣವರಿಗೆ ಓದಿ ಹೇಳಲಿ. ಕ್ಲಾಸ್ ಪಿ.ಟಿ.ಎ.ಗೆ, ಅಂದರೆ ಹೆತ್ತವರ ಸಭೆಗೆ ಬಂದ ಅಮ್ಮನಿಗೆ ಕನ್ನಡ ಓದಲು ಬಾರದಿದ್ದರೂ ಮಗುವೇ ಅವಳ ಮುಂದೆ ಓದಿ ತೋರಿಸಲಿ.

ಹೀಗೆ ಮಾಡಿದರೆ ಪಾಠ ಮುಗಿಯುವುದಿಲ್ಲ ಎಂದು ಶಾಲೆಯ ಶಿಕ್ಷಕರು ಕೂಡುವ ಎಸ್.ಆರ್.ಜಿ. ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಓಣಂ ರಜೆಯವರೆಗೆ ಹಿಂದೆ ಬೀಳುತ್ತೇವೆ, ಅದು ನಿಜ. ರಜೆ ಕಳೆದ ಮೇಲೆ ಓದಲು ಬರುವ ಮಕ್ಕಳೊಂದಿಗೆ ಪುಸ್ತಕ ಹಿಡಿದರೆ ಎರಡು ದಿನದ ಪಾಠ ಒಂದೇ ದಿನಕ್ಕೆ ಮುಗಿಯುತ್ತದೆ.