ಹೊಟ್ಟೆ ಸೀಳಿದ ಷ

ನಮ್ಮ ಕಡೆ ಕಣ್ಣು ಕೆಟ್ಟರೆ ಬೇಗ ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಸುಂಟಿಕೊಪ್ಪದ ಸುತ್ತ ಎದುರಿನ ಸಿಲ್ವರ್ ಓಕ್ ಮರವೇ ಕಾಣುವುದಿಲ್ಲ, ಇನ್ನು ಮರದಡಿ ಕೊಡೆ ಹಿಡಿದು ನಿಂತವರು ಯಾರೆಂದು ಹೇಳುವುದು ಹೇಗೆ? ಹಾಗಾಗಿ ಎರಡು ವರ್ಷ ಎಲ್ಲವನ್ನೂ ಮಂಜಿನ ತಲೆಗೆ ಕಟ್ಟಿದೆ. ಬೀಗರನ್ನು ಮಾತಾಡಿಸದೆ ದಾಟಿ ಹೋದದ್ದಕ್ಕೆ ಮಂಜು, ಮೆಟ್ಟಿಲು ತಪ್ಪಿದ್ದಕ್ಕೆ ಮಂಜು. ಅನ್ನದಲ್ಲಿ ಕಲ್ಲು ಸಿಕ್ಕಿದ ದಿನ ಮಾತ್ರ ಯಜಮಾನರು ದವಡೆ ಹಿಡಿದುಕೊಂಡು, "ಮಂಜು ಅಡುಗೆಮನೆ ಒಳಗೂ ಬಂತಾ?" ಎಂದರು.

ನಿಜವಾದ ಮಂಗಳಾರತಿ ಆದದ್ದು ರಸ್ತೆಯಲ್ಲಿ. ಮಡಿಕೇರಿಗೆ ಹೋಗಲು ನಿಂತಿದ್ದೆ. ಕೆಂಪಗೆ, ದೊಡ್ಡದಾಗಿ ಬಸ್ಸು ಬಂತು. ಕೈ ತೋರಿಸಿದೆ, ನಿಂತಿತು. ಹತ್ತಲು ಸೆರಗು ಸಿಕ್ಕಿಸಿಕೊಂಡು ನೋಡಿದರೆ ಮರದ ದಿಮ್ಮಿ ತುಂಬಿದ ಲಾರಿ! ಡ್ರೈವರ್ ನನ್ನ ಹಳೇ ಶಿಷ್ಯ. "ಟೀಚರ್, ಮೊದಲು ಬೋರ್ಡು ನೋಡು ಅಂತ ನನ್ನ ಕಿವಿ ಹಿಂಡಿದ್ದು ನೀವೇ ಅಲ್ವಾ?" ಎಂದ. ಮೂರನೇ ಕ್ಲಾಸಿನಲ್ಲಿ ಹಿಂಡಿದ್ದು. ಬಡ್ಡಿ ಸಮೇತ ವಾಪಸು ಕೊಟ್ಟ.

ಮೈಸೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಜುಲೈ ಕೊನೆಯ ವಾರಕ್ಕೆ ಹೆಸರು ಬರೆಸಿದೆವು. ಅತ್ತೆಗೆ ಇದು ಹಿಡಿಸಲಿಲ್ಲ. "ಇನ್ನೊಂದು ವಾರ ತಡೆದರೆ ಆಟಿ ತಿಂಗಳ ಹದಿನೆಂಟು ಬರ್ತದೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಮದ್ದು ಇರ್ತದಂತೆ, ಅದರಲ್ಲಿ ಒಂದಾದರೂ ಕಣ್ಣಿಗೆ ಇರೋದಿಲ್ವಾ?" ಎಂದು ವಾದ. ಆಗಸ್ಟ್ 3ರ ಸುಮಾರಿಗೆ ಕೊಡಗಿನ ಮನೆಮನೆಯಲ್ಲೂ ಕುದಿಯುವ, ಆ ಸೊಪ್ಪಿನ ನೇರಳೆ ಬಣ್ಣದ ಪಾಯಸವನ್ನು ನಾನೂ ಬಿಡುವವಳಲ್ಲ. ಆದರೆ ಅದರ ಫಲವಾಗಿ ಮರುದಿನ ಬಚ್ಚಲಲ್ಲಿ ಕಾಣುವ ಕೆಂಪು ಬಣ್ಣವೊಂದು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿದ್ದಿಲ್ಲ. ಇಷ್ಟಕ್ಕೂ ಅತ್ತೆ ಮಾತಾಡಬಹುದು. ವಯಸ್ಸು 84, ಸೂಜಿಗೆ ದಾರ ಪೋಣಿಸಲು ಈಗಲೂ ನನ್ನನ್ನು ಕರೆಯುವುದಿಲ್ಲ. ನಾನೇ ಅವರನ್ನು ಕರೆಯುವುದು.

ಆಸ್ಪತ್ರೆಯ ಹುಡುಗಿ ಫೋನಿನಲ್ಲಿ ಹೇಳಿದ್ದು ಇಷ್ಟೇ: ಹಳೇ ಕನ್ನಡಕ, ಹಳೇ ಚೀಟಿ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ತನ್ನಿ, ಹನಿ ಹಾಕ್ತೇವೆ, ಜೊತೆಗೆ ಒಬ್ಬರು ಇರಲಿ, ನೀವು ಗಾಡಿ ಓಡಿಸಬೇಡಿ. ಇಷ್ಟಕ್ಕೆ ನಮ್ಮ ಮನೆಯಲ್ಲಿ ಮೂರು ದಿನ ದೊಂಬಿ. ಕನ್ನಡಕ ಹುಡುಕಲು ಕನ್ನಡಕ ಬೇಕಲ್ಲ! ಬಿಸ್ಕತ್ತಿನ ಡಬ್ಬದಲ್ಲಿ ಮೂರು ಸಿಕ್ಕವು. ಒಂದಕ್ಕೆ ಕಾಲಿನ ಬದಲು ದಾರ, ಒಂದು ತೀರಿಹೋದ ಮಾವನವರದು, ಇನ್ನೊಂದು ಯಾರದೋ. ಚೀಟಿ ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕದ ನಡುವೆ ಇತ್ತು. ಅದನ್ನು ಅತ್ತೆಗೂ ಓದಲಾಗಲಿಲ್ಲ.

ಮೂವತ್ತೊಂದು ವರ್ಷ ಪರೀಕ್ಷೆ ಮಾಡಿದವಳು ನಾನು. ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಒಂದು ವಾರ ಮೊಬೈಲ್ ಮುಟ್ಟಲಿಲ್ಲ. ದಿನಾ ಕ್ಯಾರೆಟ್ ಪಲ್ಯ, ಸಂಜೆಗೆ ಹೊನಗೊನೆ ಸೊಪ್ಪಿನ ಸಾರು. ಹಿಂದಿನ ರಾತ್ರಿ ಎಂಟಕ್ಕೇ ಮಲಗಿ ಕಣ್ಣಿಗೆ ರಜೆ ಕೊಟ್ಟೆ. ಒಂದು ವಾರದ ಕ್ಯಾರೆಟ್ಟಿಗೆ ಪಾಸಾಗುವ ಹಾಗಿದ್ದರೆ ನಮ್ಮ ಶಾಲೆಯ ಎಷ್ಟು ಮಕ್ಕಳು ಉದ್ಧಾರವಾಗುತ್ತಿದ್ದರೋ.

ಸ್ವೆಟರ್, ಶಾಲು, ಎರಡು ಕೊಡೆ ಹೇರಿಕೊಂಡು ಹೊರಟೆವು. ಕುಶಾಲನಗರ ದಾಟುವಾಗ ಮಳೆ ತೆಳುವಾಯಿತು, ಪಿರಿಯಾಪಟ್ಟಣದಲ್ಲಿ ನಿಂತೇ ಹೋಯಿತು, ಹುಣಸೂರಿನಲ್ಲಿ ಸ್ವೆಟರ್ ಬಿಚ್ಚಿದೆ.

ಆಸ್ಪತ್ರೆಯಲ್ಲಿ ಮೊದಲು ಒಂದು ಮಿಷನ್ನಿಗೆ ಗಲ್ಲ ಇಡಿಸಿದರು. ಒಳಗೆ ಉದ್ದ ರಸ್ತೆ, ತುದಿಯಲ್ಲಿ ಬಣ್ಣದ ಬಲೂನು. ಆಮೇಲೆ ಅಕ್ಷರದ ಬೋರ್ಡು. "ಕನ್ನಡದ್ದು ಹಾಕಲಾ ಮೇಡಂ, ಇಂಗ್ಲಿಷಿಂದಾ?" ನನ್ನ ಸ್ವಾಭಿಮಾನ ಎದ್ದು ನಿಂತಿತು. "ಕನ್ನಡದ್ದೇ ಹಾಕಮ್ಮ."

ಅಲ್ಲೇ ಕೆಟ್ಟದ್ದು. ಇಂಗ್ಲಿಷಿನ ಟಿ, ಎಲ್, ಓ ಒಂದಕ್ಕೊಂದು ಸಂಬಂಧವಿಲ್ಲದ ಜನ. ನಮ್ಮ ಅಕ್ಷರಗಳು ಒಂದೇ ಮನೆಯ ಅಣ್ಣತಮ್ಮಂದಿರು. ದ, ಧ, ಥ ಮೂವರಿಗೂ ಒಂದೇ ಮುಖ. ರಕ್ಕೂ ಠಕ್ಕೂ ನಡುವೆ ಒಂದೇ ಒಂದು ಚುಕ್ಕೆ. ನಾಲ್ಕು ಸಾಲು ಓದಿ ಐದನೆಯದಕ್ಕೆ ಬಂದೆ.

"ಪ… ಅಲ್ಲ, ತಡಿ. ಹೊಟ್ಟೆ ಸೀಳಿದೆಯೋ?"

"ಯಾರ ಹೊಟ್ಟೆ ಮೇಡಂ?" ಹುಡುಗಿ ಗಾಬರಿಯಾದಳು.

ಒಂದನೇ ಕ್ಲಾಸಿನಿಂದ ಷಕಾರಕ್ಕೆ ನಾವು ಹೇಳಿಕೊಡುವುದೇ ಹಾಗೆ, ಹೊಟ್ಟೆ ಸೀಳಿದ ಷ. ಸೀಳು ಮರೆತ ಮಕ್ಕಳ ಸ್ಲೇಟಿಗೆ ನಾನು ಹಾಕಿದ ಕಾಟುಗಳಿಗೆ ಲೆಕ್ಕವಿಲ್ಲ. ಈಗ ನನಗೇ ಸೀಳು ಕಾಣದು. ಕೊನೆಗೆ ಅಂದಾಜಿನಲ್ಲಿ ಷ ಎಂದೆ. ಪ ಆಗಿತ್ತು. "ಗೊತ್ತಾಗದಿದ್ದರೆ ಗೊತ್ತಿಲ್ಲ ಅನ್ನಿ ಮೇಡಂ, ಮಾರ್ಕ್ಸ್ ಕಳೆಯಲ್ಲ" ಎಂದಳು, ನಾನು ಯಾವ ಮಗುವಿಗೂ ಹೇಳದಿದ್ದ ಮಾತು.

ಚೀಟಿಯಲ್ಲಿ 6/12 ಎಂದು ಬರೆದರು. ಹನ್ನೆರಡಕ್ಕೆ ಆರು, ಐವತ್ತು ಪರ್ಸೆಂಟ್, ಸೆಕೆಂಡ್ ಕ್ಲಾಸಿನಲ್ಲಿ ಪಾಸು ಎಂದು ಹಿಗ್ಗಿದೆ. ಡಾಕ್ಟರ್ ನಕ್ಕು, "ಬೇರೆಯವರು 12 ಮೀಟರ್ ದೂರದಿಂದ ಓದುವುದನ್ನು ನೀವು 6 ಮೀಟರ್ ಹತ್ತಿರ ಬಂದು ಓದ್ತೀರಿ ಅಂತ ಅರ್ಥ" ಎಂದರು. 1862ರಲ್ಲಿ ಸ್ನೆಲೆನ್ ಎಂಬ ಡಚ್ ವೈದ್ಯರು ಹಾಕಿಕೊಟ್ಟ ಲೆಕ್ಕವಂತೆ. ಪೊರೆ ಈಗಷ್ಟೇ ಶುರುವಾಗಿದೆ, ಸದ್ಯ ಕನ್ನಡಕ ಸಾಕು ಎಂದರು. ಕ್ಯಾರೆಟ್ ವಿಷಯ ಕೇಳಿದೆ. "ರುಚಿಗೆ ತಿನ್ನಿ."

ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿ ಕಳಿಸಿದರು. ಹೊರಗೆ ಕಾಲಿಟ್ಟರೆ ಬಿಸಿಲು ಕಣ್ಣಿಗೆ ಗುದ್ದಿತು. ಎರಡು ತಿಂಗಳಿಂದ ಸೂರ್ಯನ ಮುಖ ನೋಡದವರು ಕಪ್ಪು ಕನ್ನಡಕ ತರುತ್ತಾರೆಯೇ? ಸ್ವೆಟರನ್ನು ತಲೆಗೆ ಸುತ್ತಿ, ಕೊಡೆ ಮುಖಕ್ಕೆ ಅಡ್ಡ ಹಿಡಿದು ನಡೆದೆ. ಎಳನೀರಿನವನ ಹತ್ತಿರ ಐವತ್ತರ ನೋಟೆಂದು ಕೊಟ್ಟದ್ದು ಐನೂರಂತೆ. ಪುಣ್ಯಾತ್ಮ ವಾಪಸು ಕೊಟ್ಟು, "ಯಾವೂರಮ್ಮ?" ಎಂದ. ಕೊಡಗು ಎಂದೆ. "ಅಲ್ಲಿ ಚಳಿ ಅಲ್ವಾ, ಅದಕ್ಕೇ" ಎಂದು ಸ್ವೆಟರಿಗೆ ತಾನೇ ಕಾರಣ ಹುಡುಕಿಕೊಂಡ.

ಸುಂಟಿಕೊಪ್ಪ ಹತ್ತಿರ ಬಂದಾಗ ಸಂಜೆ ಆರು ದಾಟಿತ್ತು.

"ಹನಿ ಇನ್ನೂ ಇಳಿದಿಲ್ಲ ಕಣ್ರೀ, ಎಲ್ಲಾ ಮಂಜು ಮಂಜು."

ಯಜಮಾನರು ಸ್ಟೇರಿಂಗಿನ ಮೇಲೆ ಬಗ್ಗಿ, ವೈಪರ್ ಜೋರು ಮಾಡಿ ಕೇಳಿದರು: "ನನಗೂ ಹಾಗೇ ಕಾಣ್ತಿದೆ. ನನಗೆ ಯಾರು ಹಾಕಿದ್ದು ಹನಿ?"