ಸಿಹಿನೀರಿನ ತೊಟ್ಟಿಗೆ ಪ್ರೋಟೀನ್ ಸ್ಕಿಮ್ಮರ್: ಸತ್ಯಾಂಶ

‘ಪ್ರೋಟೀನ್ ಸ್ಕಿಮ್ಮರ್ ಹಾಕಿದರೆ ಗೋಲ್ಡ್‌ಫಿಶ್ ತೊಟ್ಟಿಯ ನೀರು ಬದಲಿಸಬೇಕಿಲ್ಲ’ ಎಂಬ ಫಾರ್ವರ್ಡ್ ಸಂದೇಶ ತಪ್ಪು.

ಸ್ಕಿಮ್ಮರ್ ಎಂದರೆ ನೀರಿಗೆ ಗಾಳಿಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ. ಅದು ನಂಬಿರುವುದು ಸಣ್ಣ ಗುಳ್ಳೆಗಳನ್ನು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಳ್ಳದೆ ಸಣ್ಣದಾಗಿಯೇ ಉಳಿಯುತ್ತವೆ. ಕರಗಿದ ಕೊಳೆ ಅವಕ್ಕೆ ಅಂಟಿ, ನೊರೆಯಾಗಿ ಮೇಲಿನ ಬಟ್ಟಲಿಗೆ ಏರುತ್ತದೆ. ಸಿಹಿನೀರಲ್ಲಿ ಅವು ಬೆರೆತು ದಪ್ಪಗಾಗಿ, ಸರ್ರನೆ ಮೇಲೇರಿ ಒಡೆಯುತ್ತವೆ. ಬಟ್ಟಲು ಬಹುತೇಕ ಖಾಲಿ. ಕೊಳೆ ಹೆಚ್ಚಿರುವ ಕೋಯಿ (ಬಣ್ಣದ ದೊಡ್ಡ ಕಾರ್ಪ್ ಮೀನು) ಕೊಳಗಳಲ್ಲಿ ಎತ್ತರದ ನೊರೆ ಕೊಳವೆ ಕೆಲಸ ಮಾಡುವುದುಂಟು. ಮನೆಯ ತೊಟ್ಟಿಯ ಮಾತೇ ಬೇರೆ. ನೊರೆ ಬರಲೆಂದು ಉಪ್ಪು ಸುರಿಯಲೇಬೇಡಿ, ಗಿಡಗಳು ಕೊಳೆಯುತ್ತವೆ.

ಆ ದುಡ್ಡಿಗೆ ಒಳ್ಳೆಯ ಸ್ಪಂಜ್ ಫಿಲ್ಟರ್ ತನ್ನಿ. ವಾರಕ್ಕೊಮ್ಮೆ ಸೈಫನ್ ಪೈಪಿನಿಂದ ತಳದ ಕೊಳೆ ಎಳೆಯುತ್ತ 25-30% ನೀರು ಬದಲಿಸಿ. ಸ್ಪಂಜನ್ನು ಹಿಂಡುವುದು ತೊಟ್ಟಿಯಿಂದ ತೆಗೆದ ಅದೇ ನೀರಲ್ಲಿರಲಿ. ನಲ್ಲಿ ನೀರಿನ ಕ್ಲೋರಿನ್‌ಗೆ, ಮೀನಿನ ಕೊಳೆಯಿಂದ ಬರುವ ವಿಷಕಾರಿ ಅಮೋನಿಯವನ್ನು ನೈಟ್ರೇಟ್ ಆಗಿಸುವ ಸ್ಪಂಜಿನ ಬ್ಯಾಕ್ಟೀರಿಯಾ ಸಾಯುತ್ತವೆ.